ಹಳೆಯ ಗೇಮ್ ಸಂಗೀತವನ್ನು ಒಂದೊಂದೇ ಚಾನೆಲ್ ಬಿಡಿಸಿ ಕೇಳುವುದು ಹೇಗೆ

ಸೂಪರ್ ಮಾರಿಯೊ ಮೊದಲ ಹಂತದ ಟ್ಯೂನ್ ಗುನುಗಿ ಅಂದರೆ ಹೆಚ್ಚಿನವರು ತಕ್ಷಣ ಗುನುಗುತ್ತಾರೆ. ಅದೇ ಹೊತ್ತಿನಲ್ಲಿ ಕೆಳಗೆ ಬೇಸ್, ಅಂದರೆ ತಗ್ಗಿನ ದನಿ, ಏನು ನುಡಿಸುತ್ತಿತ್ತು ಅಂತ ಕೇಳಿ ನೋಡಿ, ಸುಮ್ಮನಾಗುತ್ತಾರೆ. ನೂರಾರು ಸಲ ಕಿವಿಗೆ ಬಿದ್ದ ಸಂಗೀತ ಅದು. ಆದರೂ ಅದರ ಅರ್ಧ ಭಾಗವನ್ನು ನಾವು ಯಾರೂ ಸರಿಯಾಗಿ ಕೇಳಿರುವುದಿಲ್ಲ.

ನನಗೆ ಈ ಸಂಗೀತ ಅಂದರೆ ಪ್ರಾಣ, ಅದರಲ್ಲೂ ಬೇಸ್ ಅಂದರೆ ಜಾಸ್ತಿ. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಒಂದು ಟ್ಯೂನನ್ನು ಒಂದೊಂದೇ ಚಾನೆಲ್ ಆಗಿ ಬಿಡಿಸಿ ಕೇಳುವುದು ನನ್ನ ಬಹುದಿನದ ಅಭ್ಯಾಸ. ಚಾನೆಲ್ ಅಂದರೆ ಕನ್ಸೋಲ್‌ನ ಧ್ವನಿ ಚಿಪ್ ನುಡಿಸುವ ಒಂದೊಂದು ದನಿ. ಇದಕ್ಕೆ ಸಂಗೀತ ಕಲಿತಿರಬೇಕಾಗಿಲ್ಲ, ಹಳೆಯ ಕನ್ಸೋಲ್ ಕೈಯಲ್ಲಿರಬೇಕು ಅಂತಲೂ ಇಲ್ಲ. ಒಂದು ಕ್ರಮ ಇದ್ದರೆ ಸಾಕು. ನಾನು ಪಾಲಿಸುವ ಕ್ರಮವನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಸಿದ್ಧತೆ

ಹೆಡ್‌ಫೋನ್ ಬೇಕೇ ಬೇಕು. ಫೋನಿನ ಸ್ಪೀಕರ್‌ನಲ್ಲಿ ಬೇಸ್ ಬಹುತೇಕ ಮಾಯವಾಗುತ್ತದೆ. ಬೇಸ್ ಬೂಸ್ಟ್, ಈಕ್ವಲೈಸರ್, ಸರೌಂಡ್ ಏನೇ ಇದ್ದರೂ ಎಲ್ಲ ಆಫ್ ಮಾಡಿ. ವಾಲ್ಯೂಮ್ ಕಡಿಮೆ ಇರಲಿ. ಹಳೆಯ ಚಿಪ್‌ಗಳ ಚೂಪಾದ ಸ್ವರ ಜೋರಾಗಿ ಕೇಳಿದರೆ ಹತ್ತೇ ನಿಮಿಷಕ್ಕೆ ಕಿವಿ ದಣಿಯುತ್ತದೆ, ಆಮೇಲೆ ಸೂಕ್ಷ್ಮ ಯಾವುದೂ ಗೊತ್ತಾಗುವುದಿಲ್ಲ.

ಮೂಲ ಸಂಗೀತವನ್ನೇ ಹುಡುಕಿ. ಆರ್ಕೆಸ್ಟ್ರಾ ರೂಪ, ಗಿಟಾರ್ ಕವರ್, ರೀಮಿಕ್ಸ್ ಎಲ್ಲ ಆಮೇಲೆ. ಅವು ಕೆಟ್ಟವು ಅಂತಲ್ಲ, ಎಷ್ಟೋ ಚೆನ್ನಾಗಿವೆ. ಆದರೆ ಅವುಗಳಲ್ಲಿ ಬೇರೆಯವರು ಆಗಲೇ ನಿಮ್ಮ ಪರವಾಗಿ ಕೇಳಿ, ಯಾವುದು ಮುಖ್ಯ ಅಂತ ತೀರ್ಮಾನಿಸಿಬಿಟ್ಟಿರುತ್ತಾರೆ.

ಎಲ್ಲಿ ಕೇಳುವುದು? ನಿಂಟೆಂಡೊ 2024ರ ಅಕ್ಟೋಬರ್‌ನಲ್ಲಿ ನಿಂಟೆಂಡೊ ಮ್ಯೂಸಿಕ್ ಅನ್ನುವ ಫೋನ್ ಆ್ಯಪ್ ತಂದಿತು. ಆ ಕಂಪನಿಯ ಸ್ವಿಚ್ ಆನ್‌ಲೈನ್ ಸೇವೆಯ ಚಂದಾದಾರರಿಗೆ ಅದು ಸಿಗುತ್ತದೆ. ಬೇರೆ ಕಂಪನಿಗಳ ಎಷ್ಟೋ ಸೌಂಡ್‌ಟ್ರ್ಯಾಕ್‌ಗಳು ಅಧಿಕೃತ ಆಲ್ಬಮ್‌ಗಳಾಗಿ ಬಂದಿವೆ. ಗೇಮ್ ನಿಮ್ಮ ಹತ್ತಿರವೇ ಇದ್ದರೆ ಇನ್ನೂ ಒಳ್ಳೆಯದು. ಸೆಗಾ ಕಂಪನಿಯ ಕನ್ಸೋಲ್ ಮೆಗಾ ಡ್ರೈವ್‌ನ ಗೇಮ್‌ಗಳಲ್ಲಿ ಹಲವಕ್ಕೆ ಆಪ್ಷನ್ಸ್ ಒಳಗೇ ಸೌಂಡ್ ಟೆಸ್ಟ್, ಅಂದರೆ ಗೇಮ್‌ನ ಟ್ಯೂನ್‌ಗಳನ್ನು ಬೇಕಾದಂತೆ ನುಡಿಸುವ ಜಾಗ, ಇರುತ್ತದೆ. ಮೊದಲ ಸಾನಿಕ್‌ನಲ್ಲಿ ಅದು ಬಚ್ಚಿಟ್ಟುಕೊಂಡಿದೆ: ಟೈಟಲ್ ಪರದೆಯಲ್ಲಿ ಮೇಲೆ, ಕೆಳಗೆ, ಎಡ, ಬಲ ಒತ್ತಿ, ಎ ಗುಂಡಿ ಹಿಡಿದುಕೊಂಡು ಸ್ಟಾರ್ಟ್ ಒತ್ತಬೇಕು. ಬರುವ ಪಟ್ಟಿಯ ಕೊನೆಯಲ್ಲಿ ಸೌಂಡ್ ಟೆಸ್ಟ್ ಇರುತ್ತದೆ.

ಕಂಪ್ಯೂಟರ್ ಇದ್ದವರಿಗೆ ಇನ್ನೊಂದು ದಾರಿಯಿದೆ. ಎನ್‌ಎಸ್‌ಎಫ್, ಎಸ್‌ಪಿಸಿ, ವಿಜಿಎಂ, ಜಿಬಿಎಸ್ ಅಂತ ಕೆಲವು ಫೈಲ್ ಬಗೆಗಳಿವೆ. ಇವು ಧ್ವನಿಮುದ್ರಣ ಅಲ್ಲ, ಚಿಪ್‌ಗೆ ಕೊಡುವ ಆದೇಶಗಳು. ಪ್ಲೇಯರ್ ಆ ಚಿಪ್‌ನಂತೆ ನಡೆದುಕೊಂಡು ಸಂಗೀತವನ್ನು ಅಲ್ಲೇ ಹುಟ್ಟಿಸುತ್ತದೆ. ಅದಕ್ಕೇ ಒಂದು ಎಸ್‌ಪಿಸಿ ಫೈಲ್ 66 ಕೆಬಿ ಆಸುಪಾಸಿನಲ್ಲಿ ಮುಗಿಯುತ್ತದೆ. ಅದೇ ಮೂರು ನಿಮಿಷದ ಎಂಪಿ3 ಮೂರು ಎಂಬಿ ತಿನ್ನುತ್ತದೆ. ವಿಎಲ್‌ಸಿ ಇವನ್ನೆಲ್ಲ ನುಡಿಸುತ್ತದೆ. ಆದರೆ ನಮಗೆ ಬೇಕಾದದ್ದು ಚಾನೆಲ್‌ಗಳನ್ನು ಬೇರೆ ಬೇರೆಯಾಗಿ ಮ್ಯೂಟ್ ಮಾಡುವ ಸೌಲಭ್ಯ. ಮಾರಿಯೊ ಬಂದ ನಿಂಟೆಂಡೊ ಕನ್ಸೋಲ್ ಎನ್‌ಇಎಸ್‌ನ ಸಂಗೀತಕ್ಕೆ ವಿಂಡೋಸ್‌ನಲ್ಲಿ ಎನ್‌ಎಸ್‌ಎಫ್‌ಪ್ಲೇ ಇದೆ. ಅದರ ಮುಂದಿನ ಯಂತ್ರ ಸೂಪರ್ ನಿಂಟೆಂಡೊಗೆ ಸ್ನೆಸ್‌ನೈನ್‌ಎಕ್ಸ್ ಅನ್ನುವ ಎಮ್ಯುಲೇಟರ್‌ನಲ್ಲೇ (ಹಳೆಯ ಯಂತ್ರದಂತೆ ನಡೆದುಕೊಳ್ಳುವ ಪ್ರೋಗ್ರಾಮ್) ಚಾನೆಲ್‌ಗಳನ್ನು ಆನ್, ಆಫ್ ಮಾಡಬಹುದು.

ಫೋನ್ ಮಾತ್ರ ಇದೆಯಾ? ಯೂಟ್ಯೂಬ್‌ನಲ್ಲಿ ಗೇಮ್ ಹೆಸರಿನ ಜೊತೆ ಆಸಿಲೋಸ್ಕೋಪ್ ಅಂತ ಹುಡುಕಿ. ಪ್ರತಿ ಚಾನೆಲ್‌ನ ಅಲೆಯನ್ನೂ ಬೇರೆ ಬೇರೆ ಚೌಕದಲ್ಲಿ ತೋರಿಸುವ ವಿಡಿಯೋಗಳು ಸಿಗುತ್ತವೆ. ಕಿವಿಗೆ ಕಣ್ಣು ಜೊತೆಯಾದರೆ ಶುರುವಿನಲ್ಲಿ ತುಂಬಾ ಸುಲಭ.

ಎನ್‌ಇಎಸ್‌ನಿಂದಲೇ ಶುರುಮಾಡಿ

ಜಪಾನಿನಲ್ಲಿ 1983ರಲ್ಲಿ ಫ್ಯಾಮಿಕಾಮ್ ಅನ್ನುವ ಹೆಸರಿನಲ್ಲಿ ಬಂದ ಯಂತ್ರ ಇದು. ಇದರಲ್ಲಿ ಇರುವುದು ಐದೇ ಚಾನೆಲ್. ಐದು ಅಂದರೆ ಒಬ್ಬ ಮನುಷ್ಯ ಗಮನವಿಟ್ಟು ಹಿಂಬಾಲಿಸಬಹುದಾದ ಸಂಖ್ಯೆ. ಅದಕ್ಕೇ ಇಲ್ಲಿಂದ ಶುರು ಅನ್ನುತ್ತೇನೆ.

ಎರಡು ಪಲ್ಸ್ ಚಾನೆಲ್‌ಗಳು ಸಾಮಾನ್ಯವಾಗಿ ಮುಖ್ಯ ಟ್ಯೂನ್ ಮತ್ತು ಅದರ ಜೊತೆಗಾರನನ್ನು ನುಡಿಸುತ್ತವೆ. ಮೂರನೆಯದು ಟ್ರಯಾಂಗಲ್. ಬೇಸ್ ಕೆಲಸ ಬಹುಪಾಲು ಇದರದ್ದೇ. ನಾಲ್ಕನೆಯದು ನಾಯ್ಸ್. ಹಳೆಯ ಟಿವಿಯಲ್ಲಿ ಸಿಗ್ನಲ್ ಹೋದಾಗ ಬರುತ್ತಿದ್ದ ಸರ್ ಸದ್ದನ್ನು ಚಿಕ್ಕ ಚಿಕ್ಕ ತುಂಡು ಮಾಡಿದರೆ ಡ್ರಮ್ ಆಗುತ್ತದಲ್ಲ, ಅದು. ಐದನೆಯದು ಸ್ಯಾಂಪಲ್ ಚಾನೆಲ್, ಅಂದರೆ ಮೊದಲೇ ಮುದ್ರಿಸಿದ ಚಿಕ್ಕ ಸದ್ದನ್ನು ನುಡಿಸುವಂಥದ್ದು. ಕೆಲವು ಗೇಮ್‌ಗಳು ಇದನ್ನು ಮುಟ್ಟುವುದೇ ಇಲ್ಲ.

ಈಗ ಮಾರಿಯೊ ಟ್ಯೂನ್ ಹಾಕಿ. ಕೊಜಿ ಕೊಂಡೊ 1985ರಲ್ಲಿ ಮಾಡಿದ್ದು. 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಇದನ್ನು ಸೇರಿಸಿತು. ಗೇಮ್ ಸಂಗೀತವೊಂದು ಆ ಪಟ್ಟಿಗೆ ಹೋದದ್ದು ಅದೇ ಮೊದಲು. ನನಗೆ ಆ ದಿನ ಆದ ಖುಷಿ ಇಷ್ಟಿಷ್ಟಲ್ಲ.

ಮೊದಲ ಸಲ ಸುಮ್ನೆ ಇಡಿಯಾಗಿ ಕೇಳಿ. ಕಾಲು ತಾಳ ಹಾಕಿದರೆ ಹಾಕಲಿ.

ಎರಡನೇ ಸಲ ಟ್ಯೂನನ್ನು ಪೂರ್ತಿ ಮರೆತು ಟ್ರಯಾಂಗಲ್ ಹಿಂದೆ ಹೋಗಿ. ಇದು ಕಷ್ಟ. ಮುಖ್ಯ ಟ್ಯೂನ್ ಗಮನವನ್ನು ಎಳೆಯುತ್ತಲೇ ಇರುತ್ತದೆ. ಬೇಸನ್ನು ಬಾಯಲ್ಲೇ ಗುನುಗುತ್ತಾ ಕೇಳಿ, ಆಗ ಕಿವಿ ಅಲ್ಲೇ ನಿಲ್ಲುತ್ತದೆ. ಆದರೂ ಆಗದಿದ್ದರೆ ಎರಡೂ ಪಲ್ಸ್ ಮ್ಯೂಟ್ ಮಾಡಿ ಒಂದು ಸುತ್ತು ಕೇಳಿ, ಆಮೇಲೆ ಅವನ್ನು ಮತ್ತೆ ಸೇರಿಸಿ. ಶುರುವಿನ ಚಿಕ್ಕ ತುಣುಕಿನಲ್ಲಿ ಎರಡು ಪಲ್ಸ್, ಒಂದು ಟ್ರಯಾಂಗಲ್ ಮೂರೂ ಒಂದೇ ಲಯದಲ್ಲಿ ಒಟ್ಟಿಗೆ ಹೆಜ್ಜೆ ಹಾಕುವುದನ್ನು ಗಮನಿಸಿ. ಆಮೇಲೆ ಮುಂದೆ ಹೋದಂತೆ ಬೇಸ್ ತನ್ನದೇ ನಡೆ ಹಿಡಿಯುತ್ತದೆ. ಟ್ಯೂನ್‌ಗೆ ಆ ಪುಟಿಯುವ ಗುಣ ಬರುವುದು ಈ ಎರಡು ನಡೆಗಳ ನಡುವಿನ ಸೆಳೆತದಿಂದ.

ಟ್ರಯಾಂಗಲ್ ಬಗ್ಗೆ ಒಂದು ವಿಷಯ ತಿಳಿದರೆ ಕೇಳುವ ರೀತಿಯೇ ಬದಲಾಗುತ್ತದೆ. ಅದಕ್ಕೆ ವಾಲ್ಯೂಮ್ ನಿಯಂತ್ರಣ ಇಲ್ಲ. ನುಡಿಯುತ್ತದೆ, ಇಲ್ಲವೇ ಸುಮ್ಮನಿರುತ್ತದೆ, ಅಷ್ಟೇ. ಪಲ್ಸ್‌ಗಾದರೆ 16 ಮಟ್ಟದ ವಾಲ್ಯೂಮ್ ಇದೆ, ಹಾಗಾಗಿ ಸ್ವರವನ್ನು ನಿಧಾನ ಕರಗಿಸಬಹುದು. ಟ್ರಯಾಂಗಲ್‌ನಲ್ಲಿ ಅದು ಸಾಧ್ಯವಿಲ್ಲ. ಆದ್ದರಿಂದ ಸಂಗೀತಗಾರರು ಬೇಸ್‌ನ ಭಾವವನ್ನೆಲ್ಲ ಸ್ವರದ ಉದ್ದದಲ್ಲಿ, ನಡುವೆ ಬಿಡುವ ಜಾಗದಲ್ಲಿ ತುಂಬಿದರು. ಸ್ವರವನ್ನು ಎಲ್ಲಿ ಕತ್ತರಿಸಿದ್ದಾರೆ ಅಂತ ಕೇಳಿ. ಕೆಲವು ಗೇಮ್‌ಗಳಲ್ಲಿ ಇದೇ ಚಾನೆಲ್ ಮೇಲಿಂದ ಕೆಳಕ್ಕೆ ರಪ್ಪನೆ ಜಾರಿ ಡ್ರಮ್ ಸದ್ದನ್ನೂ ಕೊಡುತ್ತದೆ. ಅಷ್ಟು ಹೊತ್ತು ಬೇಸ್ ಇರುವುದಿಲ್ಲ, ನಮಗೆ ಅದು ಗೊತ್ತೂ ಆಗುವುದಿಲ್ಲ. ನಾಯ್ಸ್ ಹೊಡೆತ ಆ ಖಾಲಿ ಜಾಗವನ್ನು ಮುಚ್ಚಿಬಿಡುತ್ತದೆ.

ಮೂರನೇ ಸಲ ನಾಯ್ಸ್. ಮಾರಿಯೊದಲ್ಲಿ ಅದು ತೂಗುವ ಲಯ ಹಿಡಿದಿರುತ್ತದೆ. ಇದಕ್ಕೆ ಹೆಚ್ಚು ಹೊತ್ತು ಬೇಡ.

ನಾಲ್ಕನೇ ಸಲ ಎರಡನೇ ದನಿ, ಅಂದರೆ ಮುಖ್ಯ ಟ್ಯೂನ್ ನುಡಿಸದೆ ಇರುವ ಪಲ್ಸ್. ಎಲ್ಲರೂ ಬಿಟ್ಟುಬಿಡುವುದು ಇದನ್ನೇ. ಎಷ್ಟೋ ಗೇಮ್‌ಗಳಲ್ಲಿ ಇದು ಮುಖ್ಯ ಟ್ಯೂನನ್ನೇ ಸ್ವಲ್ಪ ತಡವಾಗಿ, ಮೆಲ್ಲಗೆ ಮತ್ತೆ ಹೇಳುತ್ತದೆ. ಆ ಚಿಪ್‌ನಲ್ಲಿ ಪ್ರತಿಧ್ವನಿ ಕೊಡುವ ಸೌಲಭ್ಯವೇ ಇಲ್ಲ. ಹಾಗಿದ್ದೂ ದೊಡ್ಡ ಗವಿಯೊಳಗೆ ನುಡಿದಂತೆ ಕೇಳುತ್ತದಲ್ಲ, ಕಾರಣ ಇದೇ. ಪಲ್ಸ್‌ನ ಬಣ್ಣವನ್ನೂ ಗಮನಿಸಿ. ಅಲೆಯ ಅಗಲವನ್ನು 12.5%, 25%, 50% ಹೀಗೆ ಬದಲಿಸಬಹುದು. ತೆಳ್ಳಗಿನದು ಮೂಗಿನಲ್ಲಿ ಹಾಡಿದಂತೆ, 50% ಟೊಳ್ಳಾಗಿ ಕೊಳಲಿಗೆ ಹತ್ತಿರ. ಸ್ವಲ್ಪ ದಿನ ಕೇಳಿದರೆ ಸ್ವರ ಬಿದ್ದ ಕೂಡಲೇ ಯಾವುದು ಅಂತ ಹೇಳಿಬಿಡುತ್ತೀರಿ.

ಐದನೇ ಸಲ ಆಡುತ್ತಾ ಕೇಳಿ, ಅಥವಾ ಯಾರಾದರೂ ಆಡುವ ವಿಡಿಯೋ ನೋಡಿ. ಮಾರಿಯೊ ಜಿಗಿದಾಗ, ನಾಣ್ಯ ಹಿಡಿದಾಗ ಬರುವ ಸದ್ದಿಗೂ ಇದೇ ಪಲ್ಸ್ ಚಾನೆಲ್‌ಗಳೇ ಬೇಕು. ಹಾಗಾಗಿ ಜಿಗಿದಷ್ಟು ಹೊತ್ತು ಒಂದು ಪಲ್ಸ್‌ನ ಸಂಗೀತ ಕಾಣೆ. ನಾಣ್ಯ ಹಿಡಿದರೆ ಇನ್ನೊಂದರದ್ದು ಕಾಣೆ. ಬೇಸ್ ಮತ್ತು ನಾಯ್ಸ್ ಬಿಡದೆ ನಡೆದಿರುವುದರಿಂದ ಟ್ಯೂನ್ ಮುರಿಯಿತು ಅಂತ ಅನಿಸುವುದೇ ಇಲ್ಲ. ಸಮಯ 100ಕ್ಕಿಂತ ಕೆಳಗಿಳಿದಾಗ ಅದೇ ಟ್ಯೂನ್ ಓಡತೊಡಗುತ್ತದೆ, ನಮ್ಮ ಬೆರಳೂ ಅದರ ಜೊತೆ ಓಡುತ್ತದೆ. ಈ ಇಡೀ ಗೇಮ್, ಚಿತ್ರ, ಹಂತ, ಸಂಗೀತ ಎಲ್ಲ ಸೇರಿ, ಇರುವುದು 40 ಕೆಬಿಯಲ್ಲಿ. ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಇದೇ ಗೇಮ್‌ನ ನೀರಿನೊಳಗಿನ ಟ್ಯೂನ್ ಮೂರರ ಲಯದಲ್ಲಿದೆ, ವಾಲ್ಟ್ಸ್. ಅದನ್ನೂ ಒಂದು ಸಲ ಬಿಡಿಸಿ ನೋಡಿ.

ಎನ್‌ಇಎಸ್‌ನಲ್ಲೇ ಮುಂದಿನ ಮೆಟ್ಟಿಲು

ಮಾರಿಯೊ ಕೈವಶವಾದ ಮೇಲೆ ಮೆಗಾ ಮ್ಯಾನ್ 2 ಹಿಡಿಯಿರಿ. 1988ರದ್ದು, ತಕಾಶಿ ತಾತೆಯಿಶಿ ಸಂಗೀತ. ಡಾಕ್ಟರ್ ವೈಲಿ ಕೋಟೆಯ ಮೊದಲ ಹಂತದ ಟ್ಯೂನ್ ಎಲ್ಲರಿಗೂ ಪ್ರಿಯ, ನನಗೂ. ಅಲ್ಲಿ ಬೇಸ್ ಓಡುವ ಓಟವನ್ನು ಮಾತ್ರ ಕೇಳಿ. ಟ್ಯೂನ್‌ಗೆ ಆ ಛಲ ಬಂದದ್ದು ಎಲ್ಲಿಂದ ಅಂತ ಗೊತ್ತಾಗುತ್ತದೆ.

ಆಮೇಲೆ ಸನ್‌ಸಾಫ್ಟ್‌ನ ಜರ್ನಿ ಟು ಸಿಲಿಯಸ್, 1990. ನಯೊಕಿ ಕೊದಾಕಾ ಸಂಗೀತ. ನನ್ನ ಪಟ್ಟಿಯಲ್ಲಿ ಎನ್‌ಇಎಸ್‌ಗೆ ಇದೇ ಮೊದಲ ಸ್ಥಾನ, ಇದರಲ್ಲಿ ಚೌಕಾಸಿ ಇಲ್ಲ. ಇಲ್ಲಿ ಬೇಸ್ ಟ್ರಯಾಂಗಲ್‌ನಲ್ಲಿ ಇಲ್ಲ, ಸ್ಯಾಂಪಲ್ ಚಾನೆಲ್‌ನಲ್ಲಿದೆ. ನಿಜವಾದ ಬೇಸ್ ಗಿಟಾರ್ ತಂತಿ ಮೀಟಿದ ಹಾಗೆ ಗುದ್ದುತ್ತದೆ. ಸ್ಯಾಂಪಲ್ ನುಡಿಸುವ ವೇಗ ಬದಲಿಸಿದರೆ ಸ್ವರ ಬದಲಾಗುತ್ತದೆ, ಆದರೆ ಆ ಚಾನೆಲ್‌ಗೆ ಇರುವುದು 16 ವೇಗ ಮಾತ್ರ. ಬೇಕಾದ ಸ್ವರಗಳೆಲ್ಲ ಅದರಲ್ಲಿ ನೇರವಾಗಿ ಸಿಗುವುದಿಲ್ಲ. ಅದರಿಂದ ಇಡೀ ಬೇಸ್ ಸಾಲನ್ನು ಕಟ್ಟಿದರಲ್ಲ, ಆ ಹಟ ನೋಡಿ! ಎನ್‌ಎಸ್‌ಎಫ್‌ಪ್ಲೇನಲ್ಲಿ ಸ್ಯಾಂಪಲ್ ಚಾನೆಲ್ ಒಂದನ್ನೇ ಬಿಟ್ಟು ಉಳಿದದ್ದೆಲ್ಲ ಮ್ಯೂಟ್ ಮಾಡಿ ಕೇಳಿ. ಆಮೇಲೆ ಅದೊಂದನ್ನು ಮಾತ್ರ ತೆಗೆದು ಕೇಳಿ. ಎರಡೂ ಕೇಳಲೇಬೇಕು.

ಟಿಮ್ ಫಾಲಿನ್‌ರ ಸಾಲ್ಸ್ಟಿಸ್ ಟೈಟಲ್ ಸಂಗೀತವೂ 1990ರದ್ದೇ. ಶುರುವಿನಲ್ಲಿ ಏನೋ ಸಾಧಾರಣ ಟ್ಯೂನ್ ಅನಿಸುತ್ತದೆ. ಕೆಲವೇ ಕ್ಷಣ ಕಾಯಿರಿ. ಒಮ್ಮೆಲೇ ಸ್ಫೋಟ. ಒಂದೇ ಚಾನೆಲ್‌ನಲ್ಲಿ ಮೂರು ನಾಲ್ಕು ಸ್ವರಗಳನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಒಂದಾದ ಮೇಲೊಂದು ಹರಿಸಿದರೆ ಕಿವಿ ಅದನ್ನು ಒಟ್ಟಿಗೆ ನುಡಿದ ಸ್ವರಗುಚ್ಛ ಅಂತ ನಂಬುತ್ತದೆ. ಆರ್ಪೆಜಿಯೊ ಅನ್ನುತ್ತಾರೆ. ಆಸಿಲೋಸ್ಕೋಪ್ ವಿಡಿಯೋದಲ್ಲಿ ನೋಡಿದರೆ ಅಲೆ ನಡುಗಿದಂತೆ ಕಾಣುತ್ತದೆ.

ಕ್ಯಾಸಲ್‌ವೇನಿಯಾ 3 ಅನ್ನು ಎರಡು ಸಲ ಕೇಳಿ, ಜಪಾನಿನ 1989ರ ಕಾರ್ಟ್ರಿಜ್ ಒಂದು ಸಲ, ಅಮೆರಿಕದ 1990ರದ್ದು ಇನ್ನೊಂದು ಸಲ. ಜಪಾನಿನ ಕಾರ್ಟ್ರಿಜ್ ಒಳಗೆ ವಿಆರ್‌ಸಿ6 ಅನ್ನುವ ಹೆಚ್ಚಿನ ಚಿಪ್ ಇತ್ತು: ಇನ್ನೆರಡು ಪಲ್ಸ್, ಒಂದು ಸಾಟೂತ್ (ಗರಗಸದ ಹಲ್ಲಿನ ಆಕಾರದ ಅಲೆ). ಹೊರದೇಶದ ಎನ್‌ಇಎಸ್‌ನಲ್ಲಿ ಕಾರ್ಟ್ರಿಜ್‌ನಿಂದ ಬರುವ ಧ್ವನಿಯನ್ನು ಬೆರೆಸುವ ವ್ಯವಸ್ಥೆ ಫ್ಯಾಮಿಕಾಮ್‌ನಂತೆ ಇರಲಿಲ್ಲ. ಹಾಗಾಗಿ ಸಂಗೀತವನ್ನು ಐದೇ ಚಾನೆಲ್‌ಗೆ ಮತ್ತೆ ಜೋಡಿಸಿದರು. ಬಿಗಿನಿಂಗ್ ಅನ್ನುವ ಮೊದಲ ಹಂತದ ಟ್ಯೂನನ್ನು ಎರಡರಲ್ಲೂ ಹಾಕಿ. ಏನು ಉಳಿಸಿಕೊಂಡರು, ಏನು ಬಿಟ್ಟರು ಅಂತ ಪಟ್ಟಿ ಮಾಡಿ. ಈ ಕಲಿಕೆಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಗೇಮ್ ಬಾಯ್: ಎಡ ಕಿವಿ, ಬಲ ಕಿವಿ

1989ರ ಗೇಮ್ ಬಾಯ್‌ನಲ್ಲಿ ನಾಲ್ಕು ಚಾನೆಲ್: ಎರಡು ಪಲ್ಸ್, ಒಂದು ವೇವ್ (ಬೇಕಾದ ಆಕಾರದ ಅಲೆ ನುಡಿಸುವಂಥದ್ದು), ಒಂದು ನಾಯ್ಸ್. ಅದರ ಸ್ಪೀಕರ್ ಮೋನೋ, ಆದರೆ ಹೆಡ್‌ಫೋನ್ ಹಾಕಿದರೆ ಸ್ಟೀರಿಯೊ. ಪ್ರತಿ ಚಾನೆಲನ್ನು ಎಡಕ್ಕೆ, ಬಲಕ್ಕೆ ಅಥವಾ ಎರಡಕ್ಕೂ ಕಳಿಸಬಹುದು. ಹಾಗಾಗಿ ಇಲ್ಲಿ ಮ್ಯೂಟ್ ಬೇಕಿಲ್ಲ. ಹೆಡ್‌ಫೋನ್‌ನ ಒಂದು ಬದಿ ತೆಗೆದು ಕೇಳಿ, ಆಮೇಲೆ ಇನ್ನೊಂದು ಬದಿ. ಚಾನೆಲ್‌ಗಳನ್ನು ಎರಡು ಬದಿಗೆ ಹಂಚಿದ ಗೇಮ್‌ಗಳಲ್ಲಿ ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ. ಟೆಟ್ರಿಸ್‌ನಿಂದ ಶುರುಮಾಡಿ. ಎ ಟೈಪ್ ಸಂಗೀತ ರಷ್ಯಾದ ಜನಪದ ಹಾಡು, ಸಿ ಟೈಪ್ ಬಾಖ್ ರಚನೆ. ಗೇಮ್ ಬಾಯ್‌ಗೆ ಅವನ್ನು ಹೊಂದಿಸಿದವರು ಹಿರೊಕಾಜು ತನಾಕಾ. ನನಗೆ ಸಿ ಟೈಪೇ ಹೆಚ್ಚು ಇಷ್ಟ. ಬಾಖ್ ಬರೆದದ್ದೇ ಬೇರೆ ಬೇರೆ ದನಿಗಳು ಹೆಣೆದುಕೊಂಡು ಹೋಗುವ ಸಂಗೀತ, ಅದು ಈ ಪುಟ್ಟ ಚಿಪ್‌ಗೆ ಹೇಳಿ ಮಾಡಿಸಿದ ಹಾಗಿದೆ.

ಮೆಗಾ ಡ್ರೈವ್: ಸದ್ದಿನ ಮೈಕಟ್ಟು ಕೇಳಿ

ಜಪಾನಿನಲ್ಲಿ 1988ರಲ್ಲಿ ಬಂದ ಸೆಗಾ ಮೆಗಾ ಡ್ರೈವ್‌ನಲ್ಲಿ ಎರಡು ಚಿಪ್ ಒಟ್ಟಿಗೆ ನುಡಿಯುತ್ತವೆ. ಯಮಾಹಾ ವೈಎಂ2612ರಲ್ಲಿ ಆರು ಎಫ್‌ಎಂ ಚಾನೆಲ್. ಪಕ್ಕದ ಪಿಎಸ್‌ಜಿ ಅನ್ನುವ ಇನ್ನೊಂದು ಚಿಪ್‌ನಲ್ಲಿ ಮೂರು ಚೌಕ ಅಲೆ, ಒಂದು ನಾಯ್ಸ್. ಹತ್ತನ್ನೂ ಒಟ್ಟಿಗೆ ಹಿಂಬಾಲಿಸಲು ಹೋಗಬೇಡಿ. ಇಲ್ಲಿ ಕೇಳುವ ರೀತಿ ಬೇರೆ.

ಎಫ್‌ಎಂನಲ್ಲಿ ಒಂದು ಅಲೆ ಇನ್ನೊಂದನ್ನು ಅಲುಗಾಡಿಸುತ್ತದೆ. ಪ್ರತಿ ಚಾನೆಲ್‌ನಲ್ಲೂ ಅಂಥ ನಾಲ್ಕು ಅಲೆ. ಅಲುಗಾಟ ಹೆಚ್ಚಾದರೆ ಸದ್ದು ಒರಟು, ಲೋಹದಂತೆ. ಕಡಿಮೆಯಾದರೆ ಮೃದು, ಗಂಟೆಯಂತೆ. ಹಾಗಾಗಿ ಒಂದು ಸ್ವರ ಹುಟ್ಟಿ ಸಾಯುವವರೆಗೆ ಅದರ ಮೈ ಹೇಗೆ ಬದಲಾಗುತ್ತದೆ ಅನ್ನುವುದರ ಕಡೆ ಗಮನ ಇಡಿ. ಬೇಸ್ ಮೀಟಿದ ಕ್ಷಣ ಚುರುಕು, ಆಮೇಲೆ ದುಂಡಗೆ. ಅದೇ ಮೆಗಾ ಡ್ರೈವ್ ರುಚಿ.

ಕೇಳಬೇಕಾದದ್ದು ಯೂಜೊ ಕೊಶಿರೊ. ಸ್ಟ್ರೀಟ್ಸ್ ಆಫ್ ರೇಜ್ 2, 1992, ಗೋ ಸ್ಟ್ರೇಟ್ ಅನ್ನುವ ಮೊದಲ ಹಂತದ ಟ್ಯೂನ್. ಆರನೇ ಎಫ್‌ಎಂ ಚಾನೆಲನ್ನು ಸ್ಯಾಂಪಲ್ ನುಡಿಸಲು ಬಿಟ್ಟುಕೊಡಬಹುದು. ಡ್ರಮ್ ಅಷ್ಟು ಗಟ್ಟಿಯಾಗಿ ಎದೆಗೆ ಬಡಿಯುವುದು ಅದರಿಂದ. ಸಾನಿಕ್ ಮೊದಲ ಗೇಮ್‌ಗೆ, 1991ರಲ್ಲಿ, ಡ್ರೀಮ್ಸ್ ಕಮ್ ಟ್ರೂ ತಂಡದ ಮಸಾತೊ ನಕಾಮುರಾ ಸಂಗೀತ ಕೊಟ್ಟರು. ಗ್ರೀನ್ ಹಿಲ್ ಟ್ಯೂನ್ ಹಾಡಿನಂತೆ ಹರಿಯುವುದಕ್ಕೆ ಅದೂ ಕಾರಣ ಇರಬೇಕು ಅಂತ ನನಗನಿಸುತ್ತದೆ. ಅವರು ಆ ತಂಡದ ಬೇಸ್ ವಾದಕ, ಅಲ್ವಾ!

ಒಂದು ಎಚ್ಚರಿಕೆ. ಯುರೋಪಿನ ಯಂತ್ರಗಳು ಸೆಕೆಂಡಿಗೆ 60ರ ಬದಲು 50 ಸಲ ಪರದೆ ತುಂಬುತ್ತಿದ್ದವು. ಸಂಗೀತವನ್ನು ಅದಕ್ಕೆ ಹೊಂದಿಸದೆ ಬಿಟ್ಟ ಗೇಮ್‌ಗಳಲ್ಲಿ ಟ್ಯೂನ್ ಸುಮಾರು 17% ನಿಧಾನ. ಮೊದಲ ಸಾನಿಕ್ ಹಾಗೇ ಇದೆ. ಟ್ಯೂನ್ ಎಳೆದಂತೆ ಕೇಳಿದರೆ ಮೊದಲು ಮುದ್ರಣ ಯಾವ ಯಂತ್ರದ್ದು ಅಂತ ನೋಡಿ. ಕನ್ಸೋಲ್ ಕೈಯಲ್ಲಿದ್ದವರು ಇನ್ನೊಂದು ನೆನಪಿಡಿ: ಮೊದಲ ಮಾದರಿಯ ಮೆಗಾ ಡ್ರೈವ್‌ನಲ್ಲಿ ಹಿಂದಿನ ಎವಿ ಸಾಕೆಟ್ ಮೋನೋ. ಸ್ಟೀರಿಯೊ ಬೇಕಾದರೆ ಮುಂದಿನ ಹೆಡ್‌ಫೋನ್ ತೂತಿನಿಂದ ತೆಗೆದುಕೊಳ್ಳಬೇಕು.

ಸೂಪರ್ ನಿಂಟೆಂಡೊ: ಜಾಗವನ್ನು ಕೇಳಿ

1990ರಲ್ಲಿ ಬಂದ ಈ ಯಂತ್ರದ ಧ್ವನಿ ಭಾಗ ಸೋನಿಯದ್ದು, ರೂಪಿಸಿದವರು ಕೆನ್ ಕುತರಾಗಿ. ಮುಂದೆ ಪ್ಲೇಸ್ಟೇಷನ್ ತಂದವರೂ ಅವರೇ. ಎಂಟು ಚಾನೆಲ್, ಎಂಟರಲ್ಲೂ ಸ್ಯಾಂಪಲ್. ತಂತಿ, ಕೊಳಲು, ಡ್ರಮ್ ಯಾವುದನ್ನು ಬೇಕಾದರೂ ಮುದ್ರಿಸಿ ಹಾಕಬಹುದು. ಆದರೆ ಜಾಗ ಮಾತ್ರ 64 ಕೆಬಿ. ಪ್ರತಿಧ್ವನಿ ಇಲ್ಲಿ ಚಿಪ್‌ನಲ್ಲೇ ಇದೆ, ಆದರೆ ಅದಕ್ಕೂ ಅದೇ 64 ಕೆಬಿಯಲ್ಲಿ ಪಾಲು ಕೊಡಬೇಕು: 16 ಮಿಲಿಸೆಕೆಂಡ್ ತಡಕ್ಕೆ 2 ಕೆಬಿ. ಗರಿಷ್ಠ 240 ಮಿಲಿಸೆಕೆಂಡ್ ಪ್ರತಿಧ್ವನಿ ಬೇಕು ಅಂದರೆ 30 ಕೆಬಿ ಹೋಯಿತು. ವಾದ್ಯಗಳಿಗೆ ಜಾಗ ಬೇಕಾ, ಅವು ನುಡಿಯುವ ಕೋಣೆಗೆ ಬೇಕಾ? ಪ್ರತಿ ಸಂಗೀತಗಾರನೂ ಈ ಲೆಕ್ಕ ಮಾಡಲೇಬೇಕಿತ್ತು.

ಕೇಳುವಾಗ ನೀವೂ ಅದೇ ಪ್ರಶ್ನೆ ಇಟ್ಟುಕೊಳ್ಳಿ. ಸ್ವರ ನಿಂತ ಮೇಲೆ ಏನು ಉಳಿಯುತ್ತದೆ? ಡಾಂಕಿ ಕಾಂಗ್ ಕಂಟ್ರಿಯ ಅಕ್ವಾಟಿಕ್ ಆಂಬಿಯೆನ್ಸ್, 1994, ಡೇವಿಡ್ ವೈಸ್. ಕಣ್ಣು ಮುಚ್ಚಿ ಕೇಳಿದರೆ ಎಂಟೇ ಚಾನೆಲ್ ಅಂತ ನಂಬಲಾಗುವುದಿಲ್ಲ. ಒಂದೊಂದೇ ಮ್ಯೂಟ್ ಮಾಡುತ್ತಾ ಹೋಗಿ, ನೀರಿನ ಆಳ ಯಾವ ಚಾನೆಲ್ ತೆಗೆದಾಗ ಬತ್ತುತ್ತದೆ ಅಂತ ನೋಡಿ. ಕ್ರೋನೊ ಟ್ರಿಗರ್, 1995, ಯಸುನೊರಿ ಮಿತ್ಸುದಾ: ಕಾರಿಡಾರ್ಸ್ ಆಫ್ ಟೈಮ್‌ನಲ್ಲಿ ಸಿತಾರಿನಂಥ ದನಿಯೊಂದನ್ನು ಹಿಡಿದುಕೊಂಡು ಹೋಗಿ. ಸೂಪರ್ ಮಾರಿಯೊ ವರ್ಲ್ಡ್‌ನಲ್ಲಿ ಯೋಶಿ ಮೇಲೆ ಹತ್ತಿ, ಇಳಿಯಿರಿ, ಮತ್ತೆ ಹತ್ತಿ. ಹತ್ತಿದ ಕೂಡಲೇ ಬೋಂಗೊ ಡ್ರಮ್ ಸೇರಿಕೊಳ್ಳುತ್ತದೆ. ಚಾನೆಲ್ ಅಂದರೇನು ಅಂತ ಚಿಕ್ಕ ಮಕ್ಕಳಿಗೆ ತೋರಿಸಬೇಕಾದರೆ ನಾನು ಇದನ್ನೇ ತೋರಿಸುತ್ತೇನೆ.

ಫೈನಲ್ ಫ್ಯಾಂಟಸಿ 6ರ ಡ್ಯಾನ್ಸಿಂಗ್ ಮ್ಯಾಡ್ ಅನ್ನು ಆತುರದಲ್ಲಿ ಮುಟ್ಟಬೇಡಿ. ನೊಬುವೊ ಉಯೆಮಾತ್ಸು ಅವರ ಈ ರಚನೆ ನಾಲ್ಕು ಭಾಗಗಳದ್ದು, 17 ನಿಮಿಷದ ಆಸುಪಾಸು. ಬಿಡುವಿರುವ ದಿನಕ್ಕೆ ಇಟ್ಟುಕೊಳ್ಳಿ.

ನಿಮ್ಮದೇ ಪಟ್ಟಿ

ಇಷ್ಟಾದ ಮೇಲೆ ಮೆಚ್ಚಿನ ಟ್ಯೂನ್‌ಗಳ ಪಟ್ಟಿ ಮಾಡಿ. ಒಂದು ಗೇಮ್‌ನಿಂದ ಒಂದೇ ಟ್ಯೂನ್, ಹೀಗೆ ಕಟ್ಟುಪಾಡು ಹಾಕಿಕೊಂಡರೆ ಆಯ್ಕೆ ಚುರುಕಾಗುತ್ತದೆ. ಪ್ರತಿ ಹೆಸರಿನ ಮುಂದೆ ಸಂಗೀತಗಾರರ ಹೆಸರು, ವರ್ಷ, ಚಿಪ್, ಮತ್ತು ನೀವು ಯಾವ ಚಾನೆಲ್‌ಗಾಗಿ ಅದನ್ನು ಇಟ್ಟುಕೊಂಡಿರಿ ಅನ್ನುವುದನ್ನು ಬರೆಯಿರಿ. ಸಂಗೀತಗಾರರ ಹೆಸರು ಬಿಡಬೇಡಿ. ಆ ಕಾಲದ ಎಷ್ಟೋ ಗೇಮ್‌ಗಳಲ್ಲಿ ಅವರ ಹೆಸರು ಅಡ್ಡಹೆಸರಾಗಿ ಬಂತು, ಇಲ್ಲವೇ ಬರಲೇ ಇಲ್ಲ. ನಾವಾದರೂ ಸರಿಯಾಗಿ ಬರೆಯೋಣ.

ಟ್ಯೂನ್ ಎಲ್ಲಿ ತಿರುಗಿ ಶುರುವಾಗುತ್ತದೆ ಅನ್ನುವ ಜಾಗವನ್ನೂ ಗುರುತು ಹಾಕಿ. ಲೂಪ್ ಯಾವಾಗಲೂ ಮೊದಲ ಸ್ವರಕ್ಕೇ ಹೋಗುವುದಿಲ್ಲ. ಮಾರಿಯೊದ ಶುರುವಿನ ತುಣುಕು ಟ್ಯೂನ್‌ನ ನಡುವೆ ಮತ್ತೆ ಬಂದರೂ ಲೂಪ್ ತಿರುಗುವಾಗ ಅದನ್ನು ಬಿಟ್ಟು ಮುಂದಿನ ಜಾಗಕ್ಕೆ ಹೋಗುತ್ತದೆ ನೋಡಿ. ಆ ಜೋಡಣೆ ಗೊತ್ತಾಗದಂತೆ ಹೊಲಿದವರೇ ನನ್ನ ಪಟ್ಟಿಯಲ್ಲಿ ಮೇಲಿದ್ದಾರೆ.

ಇನ್ನೂ ಆಸೆ ಇದ್ದರೆ ಟ್ರ್ಯಾಕರ್, ಅಂದರೆ ಒಂದೊಂದು ಚಾನೆಲ್‌ಗೂ ಸ್ವರ ತುಂಬಿಸಿ ಸಂಗೀತ ಕಟ್ಟುವ ಪ್ರೋಗ್ರಾಮ್, ಇಳಿಸಿಕೊಳ್ಳಿ. ಎನ್‌ಇಎಸ್‌ಗೆ ಫ್ಯಾಮಿಟ್ರ್ಯಾಕರ್, ಹಲವು ಚಿಪ್‌ಗಳಿಗೆ ಫರ್ನೇಸ್, ಎರಡೂ ಉಚಿತ. ನಿಮ್ಮ ಪಟ್ಟಿಯ ಸರಳ ಟ್ಯೂನ್ ಒಂದರ ಮೊದಲ ನಾಲ್ಕು ಬಾರ್‌ಗಳನ್ನು (ತಾಳದ ನಾಲ್ಕು ಸುತ್ತು) ಕಿವಿಯಿಂದಲೇ ಕೇಳಿ ತುಂಬಿಸಿ. ಮೊದಲು ಟ್ರಯಾಂಗಲ್ ಸಾಲು, ಆಮೇಲೆ ನಾಯ್ಸ್, ಆಮೇಲೆ ಎರಡನೇ ಪಲ್ಸ್. ಮುಖ್ಯ ಟ್ಯೂನ್ ಕೊನೆಗೆ. ಪ್ರತಿ ಸಾಲು ತುಂಬಿಸಿದ ಮೇಲೂ ಮೂಲದ ಅದೇ ಚಾನೆಲನ್ನು ಒಂಟಿಯಾಗಿ ನುಡಿಸಿ, ನಿಮ್ಮದರ ಪಕ್ಕದಲ್ಲಿಟ್ಟು ಹೋಲಿಸಿ. ಸ್ವರ ಸರಿ ಇದ್ದೂ ಮೂಲದಂತೆ ಕೇಳದಿದ್ದರೆ ಸ್ವರದ ಉದ್ದ ನೋಡಿ, ಹೆಚ್ಚಾಗಿ ವ್ಯತ್ಯಾಸ ಅಲ್ಲೇ ಇರುತ್ತದೆ.